ಬೈಕ್ ಕಾರ್ಬ್, ಕಾರ್ ಎಂಜಿನ್ | ಭಾಗ 4: ತಪ್ಪು ಯಾರದ್ದು?

ಮೊದಲ್ನೇ ಫೋಟೋದಲ್ಲಿ ಸುಟ್ಟು ಕಪ್ಪಗಾಗಿರೋ ವೈರ್ ಕಾಣ್ತಿದ್ಯಲ್ಲ, ಅದು ಮೂರು ವಾರದ ಹಿಂದಿನದು. ಏನಾಯ್ತು ಅಂತ ತುಂಬಾ ಜನ ಮೆಸೇಜ್ ಮಾಡಿ ಕೇಳಿದ್ರಿ. "ಸಣ್ಣ ಲೀಕ್ ಅಷ್ಟೇ" ಅಂದಿದ್ದೆ. ಅದು ಪೂರ್ತಿ ನಿಜ ಅಲ್ಲ.

ಹೊಸಬರಿಗೆ: ನಮ್ಮದು ಹಳೇ ಮಾರುತಿ 800 ಎಂಜಿನ್. ಅದರ ಒಂದೇ ಕಾರ್ಬ್ಯುರೇಟರ್ ತೆಗೆದು, ಮೂರು ಸಿಲಿಂಡರ್‌ಗೆ ಮೂರು ಪಲ್ಸರ್ 220 ಕಾರ್ಬ್ ಕೂರಿಸ್ತಿದ್ದೀವಿ. ಬೈಕ್ ಕಾರ್ಬ್ ಕಾರಿಗೆ ಸಾಲುತ್ತಾ ಅಂತೀರಾ? 796 ಸಿಸಿನ ಮೂರರಿಂದ ಭಾಗಿಸಿ, ಒಂದು ಸಿಲಿಂಡರ್‌ಗೆ ಸುಮಾರು 265 ಸಿಸಿ. ಬೈಕಿಂದು 220. ಆದ್ರೆ ಬೈಕು ಪೂರ್ತಿ ಪವರ್ ಕೊಡೋದು 8,500 ಆರ್‌ಪಿಎಂನಲ್ಲಿ, ಈ ಕಾರು 5,000ದ ಆಸುಪಾಸಲ್ಲಿ. ಹಾಗಾಗಿ ಗಾಳಿ ಆರಾಮಾಗಿ ಸಾಲುತ್ತೆ. ಜೆಟ್ ಮಾತ್ರ ಬದಲಾಯಿಸಿ ನೋಡ್ಬೇಕು.

ಗಾಳಿ ಲೆಕ್ಕ ಹಾಕಿದ್ದೆ. ಪೆಟ್ರೋಲ್ ಲೆಕ್ಕ ಹಾಕಿರ್ಲಿಲ್ಲ.

ನನ್ನ ಬೆಂಚ್‌ಮೇಟ್ ಆವತ್ತೇ ಕೇಳ್ದ, "ಮಗಾ, ಕಾರಿನ ಪಂಪ್ ಹಂಗೇ ಇರ್ಲಾ? ಪ್ರೆಶರ್ ಒಂದ್ಸಲ ನೋಡೋಣ್ವಾ?" "ಏನೂ ಆಗಲ್ಲ, ಕೀ ತಿರುಗ್ಸು" ಅಂದೆ. ಎಂಜಿನ್ ಸ್ಟಾರ್ಟ್ ಆಯ್ತು, ನಾವೆಲ್ಲ ಕೂಗಾಡಿದ್ವಿ. ಅಷ್ಟರಲ್ಲಿ ನಡುವಿನ ಕಾರ್ಬ್‌ನಿಂದ ಪೆಟ್ರೋಲ್ ಸುರೀತಿತ್ತು. ಒಂದು ಬ್ಯಾಕ್‌ಫೈರ್, ಭಗ್ ಅಂತ ಬೆಂಕಿ. ಲ್ಯಾಬ್ ಅಣ್ಣ ಸಿಲಿಂಡರ್ ತಂದು ಆರಿಸಿದ್ರು. ಬೆಂಚ್‌ಮೇಟ್ ಮುಂಗೈ ಸುಟ್ಟಿತ್ತು.

ಸರ್ ಕೇಳಿದಾಗ "ಹಳೇ ಕಾರ್ಬ್ ಸರ್, ಲೀಕ್ ಇತ್ತು" ಅಂದೆ. ಅವನು ನನ್ನ ಮುಖ ನೋಡ್ದ, ಏನೂ ಹೇಳ್ಲಿಲ್ಲ.

ಮಾರನೇ ದಿನ ಕಾರ್ಬ್ ಹಿಡ್ಕೊಂಡು ಶಿವಾಜಿನಗರದ ಗುಜರಿಗೆ ಜಗಳಕ್ಕೆ ಹೋದೆ. ಅಂಗಡಿಯವರು ಜಗಳ ಆಡ್ಲಿಲ್ಲ. ಬಾಟ್ಲಿಗೆ ಪೆಟ್ರೋಲ್ ಹಾಕಿ, ಪೈಪ್ ಸಿಕ್ಕಿಸಿ, ಒಂದಡಿ ಮೇಲೆ ತೂಗುಹಾಕಿದ್ರು. "ಟೀ ಕುಡೀರಿ" ಅಂದ್ರು. ಟೀ ಮುಗೀತು. ಒಂದು ಹನಿ ಬೀಳ್ಲಿಲ್ಲ.

"ಬೈಕಲ್ಲಿ ಪೆಟ್ರೋಲ್ ಮೇಲಿಂದ ಇಳಿಯುತ್ತೆ ತಮ್ಮಾ. ನೀನು ಪಂಪಲ್ಲಿ ನೂಕಿದ್ಯಾ?"

ರೂಮಿಗೆ ಬಂದು ಲೆಕ್ಕ ಹಾಕ್ದೆ. ಒಂದಡಿ ಎತ್ತರದ ಪೆಟ್ರೋಲ್ ಕೊಡೋ ಒತ್ತಡ ಸುಮಾರು 0.3 ಪಿಎಸ್‌ಐ (ಸ್ಟೇಷನ್ ಪಿಎಸ್‌ಐ ಅಲ್ಲ!). ಕಾರಿನ ಮೆಕ್ಯಾನಿಕಲ್ ಪಂಪ್ ಸಾಮಾನ್ಯವಾಗಿ 3ಕ್ಕಿಂತ ಜಾಸ್ತಿ ಕೊಡುತ್ತೆ. ಹತ್ತು ಪಟ್ಟು. ಬೌಲ್ ತುಂಬಿದಾಗ ಫ್ಲೋಟ್ ಮೇಲೆದ್ದು ಸೂಜಿನ ಒತ್ತಿ ದಾರಿ ಮುಚ್ಚುತ್ತೆ. ಹತ್ತು ಪಟ್ಟು ನೂಕಿದ್ರೆ ಆ ಪುಟ್ಟ ಫ್ಲೋಟ್ ಎಷ್ಟು ಅಂತ ತಡೆಯುತ್ತೆ?

ಈಗ ಪಂಪ್ ತೆಗೆದು ಆ ಜಾಗಕ್ಕೆ ಪ್ಲೇಟ್ ಹಾಕಿದ್ದೀವಿ. ಸ್ಟ್ಯಾಂಡ್ ಮೇಲೆ ಬೈಕ್ ಟ್ಯಾಂಕ್ ಕೂತಿದೆ, ಎರಡನೇ ಫೋಟೋ ನೋಡಿ. ಪಂಪ್ ಬೇಕೇ ಬೇಕು ಅನ್ನೋರು ಕಮ್ಮಿ ಒತ್ತಡದ ಪ್ರೆಶರ್ ರೆಗ್ಯುಲೇಟರ್ ಹಾಕ್ಲೇಬೇಕು. ಪಕ್ಕದಲ್ಲಿ ಫೈರ್ ಎಕ್ಸ್‌ಟಿಂಗ್ವಿಷರ್ ಇಲ್ದೆ ಕೀ ಮುಟ್ಬೇಡಿ. ಮತ್ತೆ, ಇದು ಲ್ಯಾಬ್ ಸ್ಟ್ಯಾಂಡ್ ಮೇಲಿನ ಎಂಜಿನ್. ಮನೆ ಕಾರಿಗೆ ಟ್ರೈ ಮಾಡ್ಬೇಡಿ. ಗಾಡಿ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ.

ನಿನ್ನೆ ಸರ್ ಹತ್ರ ಹೋಗಿ ನಿಜ ಹೇಳ್ದೆ. ಬೈಸ್ಕೊಂಡೆ. ಆಮೇಲೆ ಬೆಂಚ್‌ಮೇಟ್‌ಗೆ ಸಾರಿ ಕೇಳ್ದೆ. ಅವನಂದ, "ಸಾರಿ ಇರ್ಲಿ, ಈ ಸಲ ಕೀ ನೀನು ತಿರುಗ್ಸು."

ತಿರುಗಿಸ್ದೆ. ಒಂದು ಹನಿ ಇಲ್ಲ. ಮೂರೂ ಕಾರ್ಬ್ ಇನ್ನೂ ಒಂದೇ ತಾಳಕ್ಕೆ ಬಂದಿಲ್ಲ, ಎಂಜಿನ್ ಕುಂಟ್ತಾ ಓಡ್ತಿದೆ. ಪಾರದರ್ಶಕ ಪೈಪು, ಒಂಚೂರು 2ಟಿ ಆಯಿಲ್ ಇಟ್ಕೊಂಡು ಅವನ್ನ ಸರಿಹೊಂದಿಸೋದು ಹೇಗೆ ಅನ್ನೋದು ಭಾಗ 5ರಲ್ಲಿ.

ನಿಮ್ಮ ಪ್ರಾಜೆಕ್ಟಲ್ಲಿ ನೀವು ಬೇರೆಯವರ ಮೇಲೆ ಹಾಕಿದ ತಪ್ಪು ಯಾವುದು? ಕಾಮೆಂಟಲ್ಲಿ ಹೇಳಿ, ನಾನಂತೂ ನಗಲ್ಲ.

#ಬೈಕ್‌ಕಾರ್ಬ್ #ಮಾರುತಿ800 #ಮೆಕ್ಯಾನಿಕಲ್‌ಹುಡುಗರು