ಹೊಗೆಯನ್ನು ಕಂಡವರ ಮಾತು

ಹಿರಿಯರ ಸಭೆಯಲ್ಲಿ ಕಿರಿಯರು ಬಾಯಿ ತೆರೆಯಬಾರದೆಂಬುದು ಅನೇಕ ಮನೆತನಗಳಲ್ಲಿ ವಿನಯವೆಂದೇ ಎಣಿಸಲ್ಪಟ್ಟಿರುವುದು. ಆದರೆ ಬತ್ತಿದ ಕೊಳಾಯಿಯ ಮುಂದೆ ಕೊಡ ಹಿಡಿದು ಕಾಯುವವರೂ, ಶಾಲೆಯ ಹಾದಿಯ ಕತ್ತಲೆಗೆ ಅಂಜುವವರೂ ಬಹುಮಟ್ಟಿಗೆ ಆ ಕಿರಿಯರೇ. ಕಂಡವರು ಮೂಕರಾಗಿ, ಕಾಣದವರು ನಿರ್ಣಯಿಸುವಂತಾದರೆ ಊರಿನ ಹಿತವೆಲ್ಲಿ?

ಈ ಕೊರತೆಯನ್ನು ನೀಗಲು ಹೊರಟ ಕ್ರಮವೊಂದಕ್ಕೆ ‘ಫೋಟೋವಾಯ್ಸ್’ ಎಂದು ಹೆಸರು. 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್, ಮೇರಿ ಆನ್ ಬರಿಸ್ ಎಂಬ ವಿದುಷಿಯರು ಚೀನಾದ ಯುನ್ನಾನ್ ಪ್ರಾಂತ್ಯದ 62 ಮಂದಿ ಹಳ್ಳಿಯ ಹೆಂಗಸರ ಕೈಗೆ ಕ್ಯಾಮರಾ ಕೊಡಿಸಿ, ತಮ್ಮ ಬಾಳನ್ನು ತಾವೇ ಚಿತ್ರಿಸುವಂತೆ ಮಾಡಿದರು. ತಾಯಿ ಮುಸುಕಿನ ಜೋಳದ ಹೊಲದಲ್ಲಿ ಕಳೆ ತೆಗೆಯುತ್ತಿರಲು ಕೂಸು ಒಂಟಿಯಾಗಿ ಮಲಗಿರುವ ಚಿತ್ರವು ಅವುಗಳಲ್ಲೊಂದು. ಅನಂತರ 1999ರಲ್ಲಿ, ಮೋಟಾರು ಕಾರ್ಖಾನೆಗಳು ಮುಚ್ಚಿ ಬಡವಾಗಿದ್ದ ಅಮೆರಿಕದ ಫ್ಲಿಂಟ್ ನಗರದಲ್ಲಿ ತರುಣತರುಣಿಯರು ಇದೇ ಕ್ರಮದಿಂದ ತಮ್ಮ ಊರನ್ನು ಚಿತ್ರಿಸಿದರು.

ಇಂದು ಮನೆಮನೆಯ ಮೊಬೈಲಿನಲ್ಲಿಯೂ ಕ್ಯಾಮರಾ ಇರುವುದರಿಂದ ಚಿತ್ರಗಳಿಗೆ ಬರವಿಲ್ಲ. ಆದರೆ ಚಿತ್ರವೊಂದೇ ಸಾಲದು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ತಾರ್ಕಿಕರ ದೃಷ್ಟಾಂತವು ಸುಪ್ರಸಿದ್ಧವಷ್ಟೆ. ಹೊಗೆಯು ಎಲ್ಲರ ಕಣ್ಣಿಗೂ ಬೀಳುವುದು. ಅದಕ್ಕೂ ಬೆಂಕಿಗೂ ಇರುವ ನಂಟನ್ನು ಅಡುಗೆಮನೆಯಲ್ಲಿ ಕಂಡವನಿಗೆ ಮಾತ್ರ ಊಹೆಯು ಸಾಧ್ಯ. ಚಿತ್ರವು ಹೊಗೆಯಂತೆ, ಅಡುಗೆಮನೆಯ ಅನುಭವವು ಅದನ್ನು ತೆಗೆದ ಬಾಲಕನಲ್ಲಿದೆ. ಆದುದರಿಂದಲೇ ಈ ಕ್ರಮದಲ್ಲಿ ಎಲ್ಲರೂ ಚಿತ್ರದ ಸುತ್ತ ಕುಳಿತು ವಿಚಾರಿಸತಕ್ಕದ್ದು: ಇಲ್ಲಿ ಕಾಣುವುದೇನು? ನಿಜವಾಗಿ ನಡೆಯುತ್ತಿರುವುದೇನು? ಇದಕ್ಕೂ ತಮ್ಮ ಬಾಳಿಗೂ ಸಂಬಂಧವೇನು? ಈ ಸ್ಥಿತಿ ಏಕೆ ಬಂದಿತು? ಮಾಡಬಹುದಾದುದೇನು?

ಇದರಲ್ಲಿ ಅಪಾಯವಿಲ್ಲದಿಲ್ಲ. ಪರರ ಮುಖವನ್ನು ಅವರ ಒಪ್ಪಿಗೆಯಿಲ್ಲದೆ ಸೆರೆಹಿಡಿಯುವುದು ಅಪಚಾರ. ಅನ್ಯಾಯವನ್ನು ಬಯಲಿಗೆಳೆದ ಹುಡುಗನ ಮೇಲೆ ಬಲ್ಲಿದರು ಮುನಿಯುವುದೂ ಉಂಟು. ಆದಕಾರಣ ಕ್ಯಾಮರಾ ಕೊಡುವ ಮುನ್ನ ಅದರ ಧರ್ಮವನ್ನು ಬೋಧಿಸುವುದು ಈ ಕ್ರಮದ ಮೊದಲ ಪಾಠ.

ಇಷ್ಟಾದರೂ ಕೇಳುವವರಿಲ್ಲದಿದ್ದರೆ ಎಲ್ಲವೂ ವ್ಯರ್ಥ. ಪ್ರದರ್ಶನಕ್ಕೆ ಬಂದ ಅಧಿಕಾರಿಗಳು “ಚಿತ್ರ ಬಹು ಸೊಗಸು” ಎಂದು ಬೆನ್ನು ತಟ್ಟಿ ಹೊರಟುಹೋದರೆ, ಕೊಳಾಯಿಯ ಅಳಲನ್ನು ಹೇಳಬಂದವನಿಗೆ ಬಹುಮಾನ ದೊರೆತೀತು, ನೀರು ದೊರೆಯದು. ಅಂತಹ ಹುಡುಗನು ಮತ್ತೊಮ್ಮೆ ಬಾಯಿ ತೆರೆಯಲಾರನು. ಫ್ಲಿಂಟ್ ನಗರದಲ್ಲಿ ತರುಣರೊಡನೆ ಊರಿನ ಮುಖಂಡರೂ, ಆಡಳಿತದ ನೀತಿಯನ್ನು ನಿರ್ಣಯಿಸುವವರೂ ಕ್ಯಾಮರಾ ಹಿಡಿದರೆಂಬ ಸಂಗತಿಯು ಇಲ್ಲಿ ಮನನೀಯವಾದುದು. ಕಾಣುವ ಶ್ರಮವನ್ನು ತಾನೂ ಪಟ್ಟವನು ಕಂಡವನ ಮಾತನ್ನು ಸುಲಭವಾಗಿ ತಳ್ಳಿಹಾಕಲಾರನು.