ಅರಸೀಕೆರೆಯಿಂದ ಬೇಲೂರಿಗೆ, ಕಾಲ್ಚೆಂಡಿನ ಸಂಗಡ

ಹೊಯ್ಸಳರ ಶಿಲ್ಪವೈಭವವನ್ನು ನೋಡಲಪೇಕ್ಷಿಸುವವರು ಸಾಮಾನ್ಯವಾಗಿ ಹಾಸನದಿಂದ ಹೊರಡುವರು. ಅರಸೀಕೆರೆಯಿಂದ ಹೊರಡುವವರು ವಿರಳ. ಹುಬ್ಬಳ್ಳಿ, ಶಿವಮೊಗ್ಗ, ಹಾಸನ, ಮಂಗಳೂರು ಮುಂತಾದ ಕಡೆಗಳಿಗೆ ರೈಲುದಾರಿ ಕವಲೊಡೆಯುವ ಈ ಜಂಕ್ಷನ್ನಿನಲ್ಲಿ ಇಳಿದವರು ಬಹುಮಟ್ಟಿಗೆ ಗಾಡಿ ಬದಲಾಯಿಸಿಕೊಂಡು ಮುಂದಕ್ಕೆ ನಡೆಯುವರೇ ಹೊರತು ಊರೊಳಕ್ಕೆ ಕಾಲಿಡುವುದಿಲ್ಲ. ತೆಂಗಿನ ತೋಟ, ಕೊಬ್ಬರಿಯ ಮಂಡಿ, ಗಾಡಿಗಾಗಿ ಕಾಯುವ ಬೇಸರ, ಇಷ್ಟೇ ಅರಸೀಕೆರೆಯೆಂದು ಅವರ ಭಾವನೆ. ಊರಿನಲ್ಲಿ ಸುಮಾರು 1220ರ ಕಾಲದ ಈಶ್ವರ ದೇವಾಲಯವೊಂದುಂಟು. ಅದರ ಮುಂದೆ ಹದಿನಾರು ಕೋನಗಳ ನಕ್ಷತ್ರಾಕೃತಿಯ ತೆರೆದ ಮಂಟಪವುಂಟು. ಅದರ ನಡುವೆ ನಿಂತು ತಲೆಯೆತ್ತಿದರೆ, ಕಲ್ಲು ಸಹ ಇಷ್ಟು ಹಗುರಾಗಬಹುದೇ ಎಂದು ತೋರುವುದು. ಬೇಲೂರು ಹಳೇಬೀಡುಗಳ ಕೀರ್ತಿಯ ಮುಂದೆ ಇದರ ಹೆಸರು ಮುಚ್ಚಿಹೋಗಿರುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ನಾನೀಗ ವರ್ಣಿಸಹೊರಟಿರುವ ಪ್ರಯಾಣದ ಕಾರಣವು ದೇವಾಲಯ ಮಾತ್ರವಲ್ಲ. ಅದು 2025ನೆಯ ಇಸವಿಯ ಏಪ್ರಿಲ್ 12, ಶನಿವಾರ, ಚೈತ್ರ ಪೂರ್ಣಿಮೆ. ಅಂದು ರಾತ್ರಿ ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ತಂಡಕ್ಕೂ ಮೋಹನ್ ಬಾಗಾನ್ ತಂಡಕ್ಕೂ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಸೋದರಳಿಯನು ಹಿಂದಿನ ರಾತ್ರಿಯೇ ಬಂದಿಳಿದಿದ್ದನು. ಕಂಠೀರವ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು ತೊಂಬತ್ತು ನಿಮಿಷವೂ ನಿಂತೇ ಹಾಡುವ ಹುಡುಗರಲ್ಲಿ ಅವನೂ ಒಬ್ಬ. "ಮನೇಲಿ ಕೂತರೆ ಸಂಜೆ ಆಗೋದೇ ಇಲ್ಲ ಮಾವ, ಎಲ್ಲಿಗಾದರೂ ಹೋಗೋಣ ಬನ್ನಿ" ಎಂದನು. ಜಾವಗಲ್ಲಿನ ಮಾರ್ಗವಾಗಿ ಹಳೇಬೀಡಿಗೆ ಹೊರಟೆವು.

ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನಿಗೆ ಕಾಲ್ಚೆಂಡಿನ ಗೀಳೇಕೆಂದು ನಗುವವರುಂಟು. ನಗಲಿ. ಈ ಆಟವು ನಮ್ಮ ಸೀಮೆಗೆ ನಿನ್ನೆ ಮೊನ್ನೆ ಬಂದುದಲ್ಲ. ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲನೆಯ ಭಾರತೀಯ ತಂಡವು ನಮ್ಮ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಮೈಸೂರು ಸಂಸ್ಥಾನದ ತಂಡವು ಸಂತೋಷ್ ಟ್ರೋಫಿಯನ್ನು ಗೆದ್ದ ದಿನಗಳನ್ನು ನಮ್ಮ ಹಿರಿಯರು ಹಬ್ಬದಂತೆ ನೆನೆಯುತ್ತಿದ್ದರು. 1968-69ರ ತರುವಾಯ ಆ ಟ್ರೋಫಿಯು ಮತ್ತೆ ನಮ್ಮ ನಾಡಿಗೆ ಬರಲು ಐವತ್ತನಾಲ್ಕು ವರ್ಷ ಹಿಡಿಯಿತು. 2023ರ ಮಾರ್ಚಿಯಲ್ಲಿ ಕರ್ನಾಟಕ ತಂಡವು ದೂರದ ರಿಯಾದ್ ನಗರದಲ್ಲಿ ಮೇಘಾಲಯವನ್ನು ಸೋಲಿಸಿ ಅದನ್ನು ತಂದಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಈ ವಂಶದ ಕಿರಿಯ ಕೂಸು.

ದಾರಿಯುದ್ದಕ್ಕೂ ಹುಡುಗನ ಬಾಯಲ್ಲಿ ಒಂದೇ ಕಥೆ. ಲೀಗಿನ ಇಪ್ಪತ್ತನಾಲ್ಕು ಪಂದ್ಯಗಳು ಮುಗಿದಾಗ ನಮ್ಮವರು 38 ಅಂಕಗಳಿಂದ ಮೂರನೆಯ ಸ್ಥಾನದಲ್ಲಿದ್ದರು. ಮೊದಲ ಆರು ತಂಡಗಳಿಗೆ ಪ್ಲೇ-ಆಫ್ ಎಂಬ ಎರಡನೆಯ ಪರೀಕ್ಷೆ. ಮಾರ್ಚಿ 29ರಂದು ಕಂಠೀರವದಲ್ಲಿ ಮುಂಬಯಿ ತಂಡವನ್ನು ಐದು ಗೋಲುಗಳಿಂದ, ಒಂದನ್ನೂ ಬಿಟ್ಟುಕೊಡದೆ, ಸೋಲಿಸಿದರು. ಏಪ್ರಿಲ್ 2ರಂದು ಗೋವಾ ತಂಡವನ್ನು ಎರಡು ಗೋಲುಗಳಿಂದ. ನಾಲ್ಕು ದಿನದ ಮೇಲೆ ಗೋವೆಯ ಫತೋರ್ಡಾದಲ್ಲಿ ಆ ಎರಡು ಗೋಲುಗಳೂ ತೀರಿಹೋಗಿ ಎರಡು ಕಡೆಯೂ ಸಮವಾಗಿ, ಆಟದ ಹೊತ್ತೇ ಮೀರಿರುವಾಗ, ನಲವತ್ತು ವಯಸ್ಸಿನ ಸುನೀಲ್ ಛೆತ್ರಿಯು ತಲೆಯಿಂದ ಚೆಂಡನ್ನು ಬಲೆಗೆ ಕಳುಹಿಸಿದನು. ಈ ಸಂಗತಿಯನ್ನು ಹುಡುಗನು ಬಾಣಾವರದ ಕವಲು ದಾಟುವುದರೊಳಗೆ ಎರಡು ಸಲ ಹೇಳಿದನು; ನಾನು ಎರಡು ಸಲವೂ ಕೇಳಿದೆನು. ಅರವತ್ತಾದವನಿಗೆ ನಲವತ್ತರವನ ಸಾಹಸವು ಎಷ್ಟು ಸಲ ಕೇಳಿದರೂ ಹಿತವೇ.

ಹಳೇಬೀಡೆಂದರೆ ಹೊಯ್ಸಳರ ರಾಜಧಾನಿಯಾಗಿದ್ದ ದೋರಸಮುದ್ರ. 1311ರಲ್ಲಿ ಮಲಿಕ್ ಕಾಫರನ ದಂಡು ಬಂದಿತು. ಮುಂದೆ ಮತ್ತೊಮ್ಮೆ ದೆಹಲಿಯ ಸೈನ್ಯ ಬಂದಿತು. ರಾಜಧಾನಿಯು ಹಳೆಯ ಬೀಡಾಯಿತು. ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಎರಡು ಗುಡಿಗಳು ಒಂದೇ ಜಗಲಿಯ ಮೇಲೆ ನಿಂತಿವೆ, ಮೇಲೆ ಶಿಖರವಿಲ್ಲ. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿಯ ಸುರುಳಿ, ಕುದುರೆಯ ಸವಾರರು, ಅದಕ್ಕೂ ಮೇಲೆ ರಾಮಾಯಣ ಭಾರತಗಳ ಕಥೆ, ಮಕರ, ಹಂಸ. ನೋಡುವವರು ಕಥೆಯ ಸಾಲಿಗೆ ಕಣ್ಣಿಡುವರು. ನಾನು ಹುಡುಗನನ್ನು ಆನೆಗಳ ಮುಂದೆ ನಿಲ್ಲಿಸಿದೆನು. ಒಂದರ ಹಿಂದೆ ಒಂದು, ಗುಡಿಯ ಸುತ್ತಲೂ, ಭಾರ ಹೊತ್ತು ನಡೆಯುತ್ತಿರುವ ಆನೆಗಳು, ಒಂದರಂತೆ ಇನ್ನೊಂದಿಲ್ಲ.

"ಲೀಗೆಂದರೆ ಇದಪ್ಪ. ಮಳೆಯಲ್ಲಿ ಒಂದು ಪಂದ್ಯ, ಬಿಸಿಲಲ್ಲಿ ಒಂದು, ಪರಸ್ಥಳದಲ್ಲಿ ಒಂದು. ಇಪ್ಪತ್ತನಾಲ್ಕು ಆನೆಗಳು. ಈ ವರ್ಷ ಆ ಸಾಲನ್ನು ಚೆನ್ನಾಗಿ ಕೆತ್ತಿದವರು ಮೋಹನ್ ಬಾಗಾನಿನವರು, 56 ಅಂಕ. ನಮಗಿಂತ ಹದಿನೆಂಟು ಹೆಚ್ಚು" ಎಂದೆನು.

ಹುಡುಗನು ಸುಮ್ಮನಿರುವವನಲ್ಲ. "ಸ್ಥಾಲೀಪುಲಾಕ ನ್ಯಾಯ ಅಂತ ನೀವೇ ಹೇಳಿಕೊಟ್ಟಿದ್ದಿರಿ, ಮಾವ. ಅನ್ನ ಬೆಂದಿದೆಯೋ ಇಲ್ಲವೋ ನೋಡೋಕೆ ಒಂದು ಅಗುಳು ಹಿಚುಕಿದರೆ ಸಾಕಲ್ಲ? ಇವತ್ತಿನ ಪಂದ್ಯ ಆ ಅಗುಳು."

ನ್ಯಾಯವು ಸರಿಯೇ; ಅದನ್ನು ಹೂಡಿದ ಸ್ಥಳ ಸರಿಯಲ್ಲ. ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ, ಒಂದೇ ಹೊತ್ತು ಬೆಂದ ಅಕ್ಕಿಗೆ ಒಂದು ಅಗುಳು ಸಾಕ್ಷಿಯಾಗುವುದು. ಆಟವು ಹಾಗಲ್ಲ. ಒಂದು ದಿನ ಕಾಲು ಜಾರುವುದು, ಒಂದು ದಿನ ಚೆಂಡು ಕಂಬಕ್ಕೆ ತಗುಲಿ ಒಳಗೆ ಬೀಳುವುದು, ಇನ್ನೊಂದು ದಿನ ಅದೇ ಕಂಬಕ್ಕೆ ತಗುಲಿ ಹೊರಗೆ ಹೋಗುವುದು. ಇಲ್ಲಿ ಹೊಂದುವುದು ಕಾಕತಾಳೀಯ ನ್ಯಾಯ: ಕಾಗೆ ಬಂದು ಕೂತಿತು, ತಾಳೆಯ ಹಣ್ಣು ಬಿತ್ತು. ಹಣ್ಣು ಬಿದ್ದುದಕ್ಕೆ ಸಂತೋಷಪಡಬಹುದು, ಕಾಗೆಯ ಬಲವನ್ನು ಹೊಗಳಲಾಗದು.

ಇದು ಅಂದಿನ ಸೋಲು ಗೆಲುವನ್ನು ನೋಡಿ ಕಟ್ಟಿದ ಮಾತಲ್ಲ. 2018ರಲ್ಲಿ ನಮ್ಮ ತಂಡವು ಹದಿನೆಂಟು ಪಂದ್ಯಗಳಿಂದ 40 ಅಂಕ ಗಳಿಸಿ ಎಲ್ಲರಿಗಿಂತ ಮೇಲೆ ನಿಂತಿತು. ಎರಡನೆಯವರಾದ ಚೆನ್ನೈಯಿನ್ ತಂಡಕ್ಕೆ 32. ಆದರೂ ಮಾರ್ಚಿ 17ರಂದು ನಮ್ಮ ಕಂಠೀರವದಲ್ಲಿಯೇ ಅವರು ಮೂರಕ್ಕೆ ಎರಡರಂತೆ ಗೆದ್ದು ಕಪ್ಪನ್ನು ಕೊಂಡುಹೋದರು. ಆಗ ಬೆಂಗಳೂರಿನ ಅಭಿಮಾನಿಗಳು, ಇನ್ನೂ ಹೈಸ್ಕೂಲಿನಲ್ಲಿದ್ದ ಈ ಹುಡುಗನೂ ಸೇರಿ, ಇದೆಂತಹ ಪದ್ಧತಿಯೆಂದು ಶಪಿಸಿದರು. ಮರುವರ್ಷ ಅದೇ ದಿನ ಮುಂಬಯಿಯಲ್ಲಿ, 117ನೆಯ ನಿಮಿಷದಲ್ಲಿ, ರಾಹುಲ್ ಭೇಕೆಯ ತಲೆಯಿಂದ ಬಂದ ಒಂದೇ ಗೋಲಿನಿಂದ ಗೋವೆಯನ್ನು ಗೆದ್ದಾಗ ಪದ್ಧತಿಯು ಒಳ್ಳೆಯದಾಯಿತು. ಅಳೆದು ಕೊಡುವ ಸೇರು ಒಂದು, ಕೊಳ್ಳುವ ಸೇರು ಒಂದು ಇಟ್ಟುಕೊಂಡ ಅಂಗಡಿಯವನನ್ನು ನಾವು ಏನೆನ್ನುತ್ತೇವೆ?

ಹುಡುಗನಿಗೆ ಸಿಟ್ಟು ಬಂದಿತು. "ಹಾಗಾದರೆ ಈ ಮೂರು ಪಂದ್ಯ ಸುಳ್ಳೇ? ಅಲ್ಲಿ ನಿಂತು ನೋಡಿದವನು ನಾನು" ಎಂದನು. ಸುಳ್ಳೆಂದು ನಾನು ಹೇಳಲಿಲ್ಲ. ಆದರೆ ಉತ್ತರವನ್ನು ಬೇಲೂರಿಗೆ ಉಳಿಸಿಕೊಂಡೆನು.

ಹಳೇಬೀಡಿನಿಂದ ಬೇಲೂರು ಸುಮಾರು ಹದಿನಾರು ಕಿಲೋಮೀಟರು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಸನ್ನಿಧಿಯಲ್ಲಿ ಹೇಳಬೇಕಾದುದು ಬಹಳವಿದ್ದರೂ, ಮದನಿಕೆಯರನ್ನು ಕುರಿತು ಅನೇಕರು ಬರೆದಿರುವುದರಿಂದ ನಾನು ಬಿಡುತ್ತೇನೆ. ಶಿಲ್ಪದಲ್ಲಿ ಗಂಡಭೇರುಂಡದ ಒಂದು ಸರಪಳಿಯುಂಟು. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ ಬಿದ್ದಿದೆ, ಸಿಂಹವನ್ನು ಶರಭ ಕಬಳಿಸುತ್ತಿದೆ, ಶರಭವನ್ನು ಎರಡು ತಲೆಯ ಗಂಡಭೇರುಂಡವು ಪಂಜದಿಂದ ಸೀಳುತ್ತಿದೆ. "ನಿನ್ನ ಪ್ಲೇ-ಆಫ್ ನೋಡು" ಎಂದು ತೋರಿಸಿದೆನು. ಗೆದ್ದವನೇ ಮುಂದಿನವನಿಗೆ ಬೇಟೆ. ಇದರಲ್ಲಿ ಧರ್ಮಾಧರ್ಮದ ತೂಕವಿಲ್ಲ. ಆದರೂ ಕಣ್ಣು ತೆಗೆಯಲಾಗುವುದಿಲ್ಲ. ಹಳೇಬೀಡಿನ ಆನೆಸಾಲೂ ಇರಲಿ, ಬೇಲೂರಿನ ಸರಪಳಿಯೂ ಇರಲಿ, ಒಂದನ್ನು ಇನ್ನೊಂದರ ಹೆಸರಿನಿಂದ ಕರೆಯದಿದ್ದರೆ ಸಾಕು. ಹುಡುಗನು ಬಹಳ ಹೊತ್ತು ನೋಡಿ, "ನಾವು ಆನೇನೋ, ಶರಭಾನೋ?" ಎಂದು ಕೇಳಿದನು. ಸಂಜೆಯಾಗಲಿ ಎಂದೆನು.

ರಾತ್ರಿ ವಸತಿಗೃಹದ ಕೋಣೆಯಲ್ಲಿ, ನೀರಿನ ಚೊಂಬಿಗೆ ಫೋನನ್ನು ಒರಗಿಸಿಟ್ಟು ನೋಡಿದೆವು. ವಿರಾಮವಾದೊಡನೆ, 49ನೆಯ ನಿಮಿಷದಲ್ಲಿ, ಎದುರಾಳಿಯ ಆಲ್ಬರ್ಟೊ ರೋಡ್ರಿಗಸ್ಸನ ಕಾಲಿಗೆ ತಗುಲಿದ ಚೆಂಡು ಅವರದೇ ಬಲೆಗೆ ಸೇರಿತು. ಹುಡುಗನು ಹಾಕಿದ ಕೂಗಿಗೆ ಪಕ್ಕದ ಕೋಣೆಯ ಯಾತ್ರಿಕರು ಬಾಗಿಲು ತಟ್ಟಿದರು. 72ನೆಯ ನಿಮಿಷದಲ್ಲಿ ಕಮಿಂಗ್ಸನು ಪೆನಾಲ್ಟಿಯಿಂದ ಸಮ ಮಾಡಿದನು. ಹೆಚ್ಚುವರಿ ಹೊತ್ತಿನ 96ನೆಯ ನಿಮಿಷದಲ್ಲಿ ಮೆಕ್‌ಲಾರನ್ನನು ಇನ್ನೊಂದನ್ನು ಹೊಡೆದನು. ಅಲ್ಲಿಗೆ ಮುಗಿಯಿತು. ಮುನ್ನಡೆ ಸಿಕ್ಕಿದ ಮೇಲೆ ನಮ್ಮವರು ಹಿಂದಕ್ಕೆ ಸರಿದು ಕಾಯುವುದನ್ನು ನೆಚ್ಚಿದರೆಂದು ನನಗೆ ತೋರಿತು. ಮುಂಬಯಿಯ ಮೇಲೆ ಆಡಿದ ಧೈರ್ಯವನ್ನು ಆ ಇಪ್ಪತ್ತು ನಿಮಿಷ ಆಡಿದ್ದರೆ ಎಂಬ ಕೊರಗು ಇಂದಿಗೂ ಉಂಟು. ಆದರೆ ಅನ್ಯಾಯವಾಯಿತೆಂದು ನಾನು ಹೇಳಲಾರೆ. ಇಡೀ ವರ್ಷ ಮೇಲಿದ್ದವರೇ ಆ ರಾತ್ರಿಯೂ ಮೇಲಾದರು. 2018ರಲ್ಲಿ ನಾವು ನಮಗಾಗಿ ಬೇಡಿದ್ದು ಇದನ್ನೇ.

ಹುಡುಗನು ಊಟ ಮಾಡಲಿಲ್ಲ. ಬೆಳಗ್ಗೆ ಗುಡಿಯ ಬಾಗಿಲು ತೆರೆಯುವ ಹೊತ್ತಿಗೆ ತಾನೇ ಎಬ್ಬಿಸಿದನು. ಬಾಗಿಲಿನ ಪಕ್ಕದಲ್ಲಿ ಹುಲಿಯೊಡನೆ ಹೋರಾಡುವ ಸಳನ ಮುಂದೆ ನಿಂತು, "ಛೆತ್ರಿಗೆ ಈ ಕಪ್ಪು ಸಿಗಬೇಕಿತ್ತು ಮಾವ" ಎಂದನು. ಅದಕ್ಕೆ ನನ್ನಲ್ಲಿ ಯಾವ ನ್ಯಾಯವೂ ಇರಲಿಲ್ಲ. ನನಗೂ ಹಾಗೆಯೇ ಅನ್ನಿಸಿತ್ತು. ಒಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇವರು ಶಿಲ್ಪಗಳ ಕೆಳಗೆ ಕೊರೆದಿಟ್ಟ ಹೆಸರುಗಳನ್ನು ಅವನಿಗೆ ಓದಿ ಹೇಳಿದೆನು. ಫೋನನ್ನು ಜೇಬಿನಿಂದ ತೆಗೆಯದೆ ಕೇಳಿದನು.

ಆ ಜುಲೈ ತಿಂಗಳಲ್ಲಿ, ಒಪ್ಪಂದದ ತೊಡಕಿನಿಂದ ಮುಂದಿನ ಲೀಗನ್ನೇ ತಡೆಹಿಡಿದಿರುವುದಾಗಿ ಅದನ್ನು ನಡೆಸುವವರು ತಿಳಿಸಿದರು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ.ಯವರು ತಮ್ಮ ಮುಖ್ಯ ತಂಡದ ಆಟಗಾರರ ಸಂಬಳವನ್ನು ನಿಲ್ಲಿಸಿದರು. ಏಪ್ರಿಲಿನಲ್ಲಿ ಅಂತಿಮ ಪಂದ್ಯ ಆಡಿದ ಕಾಲುಗಳಿಗೆ ಆ ವರ್ಷ ಮುಗಿಯುವವರೆಗೂ ಲೀಗಿನ ಒಂದು ಪಂದ್ಯವೂ ಸಿಗಲಿಲ್ಲ. ದಸರೆಗೆ ಬಂದಿದ್ದ ಹುಡುಗನು, ಪ್ಲೇ-ಆಫ್ ಬೇಡ, ಆ ಇಪ್ಪತ್ತನಾಲ್ಕು ಆನೆಗಳಾದರೂ ಬರಲಿ ಎಂದನು.