ತಂತಿ ಯಾರದು?

1997ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ನೆಟ್‌ವರ್ಕ್ ಕೆಲಸಕ್ಕೆ ಹೋಗುತ್ತಿದ್ದೆ. ಹೆಗಲಿಗೆ ಕಪ್ಪು ಕೋಆಕ್ಸಿಯಲ್ ಕೇಬಲ್ಲಿನ ಸುರುಳಿ, ಜೇಬಿನಲ್ಲಿ 'ಟಿ' ಕನೆಕ್ಟರುಗಳು. ಒಂದೇ ತಂತಿಯನ್ನು ಒಂದು ಕಂಪ್ಯೂಟರಿನ ಬೆನ್ನಿಂದ ಇನ್ನೊಂದರ ಬೆನ್ನಿಗೆ ಪೋಣಿಸುತ್ತಾ ಹೋಗಿ, ಎರಡೂ ತುದಿಗೆ 50 ಓಮ್‌ನ ಟರ್ಮಿನೇಟರ್ ತಿರುಗಿಸಿ ಕೂರಿಸಿದರೆ ಕಚೇರಿಯೊಳಗಿನ ಜಾಲ, ಅಂದರೆ ಲ್ಯಾನ್, ಸಿದ್ಧ. ಆ ಪುಟ್ಟ ಮುಚ್ಚಳ ಇಲ್ಲದಿದ್ದರೆ ಸಿಗ್ನಲ್ ತುದಿಗೆ ಬಡಿದು ವಾಪಸು ಬಂದು ಎಲ್ಲವನ್ನೂ ಕೆಡಿಸುತ್ತದೆ.

ಒಬ್ಬ ಆಡಿಟರ ಕಚೇರಿಯಲ್ಲಿ ಒಂದು ಸಂಜೆ ಏಳೂ ಕಂಪ್ಯೂಟರುಗಳು ಒಟ್ಟಿಗೇ ಮೂಕವಾದವು. ಮೇಜುಗಳ ಕೆಳಗೆ ಎರಡು ಗಂಟೆ ತೆವಳಿದೆ. ಕೊನೆಗೆ ಯಜಮಾನರು ಡ್ರಾಯರ್ ಎಳೆದು, "ನೆಲದ ಮೇಲೆ ಬಿದ್ದಿತ್ತಪ್ಪ, ಯಾವುದೋ ಸ್ಕ್ರೂ ಅಂದ್ಕೊಂಡೆ" ಎಂದು ಟರ್ಮಿನೇಟರ್ ಕೈಗಿಟ್ಟರು! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಮೇಲೆ ಎಲ್ಲ ತಂತಿಗಳೂ ಬಂದು ಕೂಡುವ ಹಬ್ ಬಂತು, ಎಂಟು ಎಳೆಗಳ ಕ್ಯಾಟ್-5 ಬಂತು. ಪ್ರತಿ ಕಂಪ್ಯೂಟರಿಗೂ ಅದರದೇ ತಂತಿ, 100 ಮೀಟರಿನೊಳಗೆ. ಒಂದು ಕಡಿದರೆ ಒಂದೇ ಸಾಯುತ್ತಿತ್ತು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ... ಎಳೆಗಳನ್ನು ಜೋಡಿಸುವ ಬಣ್ಣದ ಸಾಲು ಇಂದಿಗೂ ಬಾಯಿಪಾಠ.

ಕಟ್ಟಡದೊಳಗೆ ಲ್ಯಾನ್, ಊರಗಲ ಮ್ಯಾನ್, ಊರು ದಾಟಿದರೆ ವ್ಯಾನ್ ಎಂದು ಪುಸ್ತಕಗಳು ದೂರದ ಲೆಕ್ಕ ಹೇಳುತ್ತವೆ. ನಮ್ಮ ಕಸುಬಿನ ಲೆಕ್ಕ ಬೇರೆ: ತಂತಿ ಕೆಟ್ಟರೆ ಯಾರ ಬಾಗಿಲು ತಟ್ಟಬೇಕು? ಲ್ಯಾನ್ ಆದರೆ ಇಲಿ ಕಡಿದ ಜಾಗವನ್ನು ನಾನೇ ಹುಡುಕುತ್ತಿದ್ದೆ. ರಸ್ತೆ ದಾಟಿದ ಕೂಡಲೇ ತಂತಿ ಬೇರೆಯವರದು. 64 ಕೆಬಿಪಿಎಸ್‌ನ ಲೀಸ್ಡ್ ಲೈನ್ ನಿಂತರೆ ಫೋನು ಹಿಡಿದು ಕಾಯುವುದೊಂದೇ ಕೆಲಸ. ಎಲ್ಲೋ ಯಾರೋ ರಸ್ತೆ ಅಗೆದಿರುತ್ತಿದ್ದರು.

ಆದರೂ ವ್ಯಾನ್‌ನ ಬೆಲೆ ತಿಳಿದದ್ದು ಪಹಣಿಯಿಂದ. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ 'ಭೂಮಿ' ಯೋಜನೆಯ ಮೊದಲ ವರ್ಷಗಳಲ್ಲಿ ದಾಖಲೆ ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲೇ ಇರುತ್ತಿತ್ತು. ಪಹಣಿ ಬೇಕೆಂದರೆ ಜಮೀನಿರುವ ತಾಲ್ಲೂಕಿಗೇ ಬಸ್ಸು ಹತ್ತಬೇಕು. ಕಚೇರಿಗಳು ಜಾಲಕ್ಕೆ ಸೇರಿದ ಮೇಲೆ ಅದೇ ಕಾಗದ ಮನೆಯಲ್ಲೇ ಕೂತು ನೋಡುವಂತಾಯಿತು.

ಈಗ ಕಚೇರಿಗಳಲ್ಲಿ ವೈ-ಫೈ. ಎಳೆಯಲು ತಂತಿಯೇ ಇಲ್ಲ ಅನ್ನುತ್ತಾರೆ. ಆದರೆ ಗೋಡೆಯ ಮೇಲಿನ ವೈ-ಫೈ ಪೆಟ್ಟಿಗೆಯ ಹಿಂದೆ ಕೇಬಲ್ ಇದ್ದೇ ಇರುತ್ತದೆ. ನನ್ನ ಹಳೆಯ ಕ್ರಿಂಪಿಂಗ್ ಟೂಲ್‌ಗೆ ಹೆಚ್ಚು ಕೆಲಸ ಸಿಗುತ್ತಿರುವುದು ಮಾತ್ರ ಅಪಾರ್ಟ್‌ಮೆಂಟುಗಳ ಸಿಸಿಟಿವಿ ಕ್ಯಾಮೆರಾಗಳಿಂದ.